ಉಳಿದ ಊಟ ಯಾರ ಪಾಲು? ಉಪವಾಸದ ಅಭ್ಯಾಸ ಮತ್ತು ಉದ್ದೇಶ

ಓದಬೇಕಾದ ವಾಕ್ಯಭಾಗಗಳು: ಯೆಶಾಯ 58:1-12, ಮತ್ತಾಯ 6:16-18, ಅಪೊಸ್ತಲರ ಕೃತ್ಯಗಳು 13:1-3

ಎಲ್ಲರೂ ಸತ್ಯವೇದ ತೆಗೆದುಕೊಳ್ಳಿ. ಮೊಬೈಲಲ್ಲಿ ಓದುವವರು ದಯವಿಟ್ಟು ನೋಟಿಫಿಕೇಶನ್ ಆಫ್ ಮಾಡಿ. ಅದೂ ಒಂದು ಸಣ್ಣ ಉಪವಾಸವೇ!

ಇವತ್ತು ಯೌವನಸ್ಥರಾದ ನಿಮ್ಮ ಜೊತೆ ಉಪವಾಸದ ಬಗ್ಗೆ ಮಾತಾಡಬೇಕು. ನಿಮ್ಮಲ್ಲಿ ಬಹಳ ಜನ ಸವಳಂಗ, ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಕಡೆಯವರು. ಈಗ ಓದಿಗೋ ಕೆಲಸಕ್ಕೋ ಶಿವಮೊಗ್ಗ, ದಾವಣಗೆರೆ, ಬೆಂಗಳೂರಲ್ಲಿ ಇದ್ದೀರಿ. ಪಿ.ಜಿ.ಯಲ್ಲಿ ಊಟ, ಆಫೀಸಲ್ಲಿ ಟೀ, ರಾತ್ರಿ ಹನ್ನೊಂದಕ್ಕೆ ಹಸಿವಾದರೆ ಮೊಬೈಲಲ್ಲಿ ಆರ್ಡರ್. ಇಂಥ ಜೀವನದಲ್ಲಿ ಉಪವಾಸ ಅಂದರೆ ಏನು? ಯಾಕೆ ಮಾಡಬೇಕು? ಮಾಡಿದರೆ ದೇವರು ಕೇಳಿದ್ದನ್ನು ಕೊಟ್ಟೇ ಕೊಡ್ತಾನಾ? ಈ ಪ್ರಶ್ನೆಗಳನ್ನು ನೀವು ಕೇಳ್ತಾ ಇದ್ದೀರಿ. ಕೇಳಬೇಕಾದ ಪ್ರಶ್ನೆಗಳೇ. ವಾಕ್ಯದಿಂದಲೇ ಉತ್ತರ ನೋಡೋಣ.

1. ಉಪವಾಸ ನಮ್ಮ ಊರಿಗೆ ಹೊಸದಲ್ಲ

ಸವಳಂಗದ ಸುತ್ತಮುತ್ತ ಬೆಳೆದವರಿಗೆ ಉಪವಾಸ ಅಂದರೆ ಗೊತ್ತಿಲ್ಲದ ವಿಷಯ ಅಲ್ಲ. ಅಕ್ಕಪಕ್ಕದ ಮನೆಯವರು ಶಿವರಾತ್ರಿಗೆ ಉಪವಾಸ ಇದ್ದು ಜಾಗರಣೆ ಮಾಡ್ತಾರೆ. ಮುಸ್ಲಿಂ ಸಹೋದರರು ರಂಜಾನ್ ತಿಂಗಳು ಪೂರ್ತಿ ರೋಜಾ ಇರ್ತಾರೆ, ಹಗಲು ಒಂದು ಗುಟುಕು ನೀರೂ ಕುಡಿಯುವುದಿಲ್ಲ. ಹತ್ತಿರದ ಸೂರಗೊಂಡನಕೊಪ್ಪಕ್ಕೆ ಸೇವಾಲಾಲ್ ಜಯಂತಿಯ ಹೊತ್ತಿಗೆ ಮಾಲೆ ಧರಿಸಿ ನಡೆದು ಬರುವ ಬಂಜಾರ ಜನರನ್ನು ನೀವು ರಸ್ತೆಯಲ್ಲಿ ನೋಡಿದ್ದೀರಿ. ಇವರಲ್ಲಿ ಯಾರನ್ನೂ ನಾವು ಹಗುರವಾಗಿ ಮಾತಾಡಬಾರದು. ಅವರ ಶ್ರದ್ಧೆ, ಅವರ ಶಿಸ್ತು ನೋಡಿ ಕಲಿಯುವುದು ನಮಗೆ ಬಹಳ ಇದೆ.

ಆದರೆ ನಮಗೆ ನಮ್ಮದೇ ಒಂದು ಪ್ರಶ್ನೆ ಇದೆ: ಕ್ರಿಸ್ತನನ್ನು ನಂಬಿದವನು ಯಾಕೆ ಉಪವಾಸ ಮಾಡ್ತಾನೆ?

ಮೊದಲು ಆ ಪದ ನೋಡಿ. ಉಪ ಅಂದರೆ ಹತ್ತಿರ, ವಾಸ ಅಂದರೆ ಇರುವುದು. ಹತ್ತಿರ ಇರುವುದೇ ಉಪವಾಸ. ನಮ್ಮ ಕನ್ನಡ ಪದದಲ್ಲಿ ಊಟದ ಮಾತೇ ಇಲ್ಲ! ಹೊಸ ಒಡಂಬಡಿಕೆಯ ಗ್ರೀಕ್ ಪದಕ್ಕೆ ನೇರವಾಗಿ ತಿನ್ನದೆ ಇರುವುದು ಅಂತ ಅರ್ಥ. ಇನ್ನು ಮೋಶೆಯ ಧರ್ಮಶಾಸ್ತ್ರದಲ್ಲಿ, ಯಾಜಕಕಾಂಡ 16ರಲ್ಲಿ, ದೋಷಪರಿಹಾರಕ ದಿನದ ಬಗ್ಗೆ ಹೇಳುವಾಗ ಜನರು ತಮ್ಮನ್ನು ತಾವೇ ತಗ್ಗಿಸಿಕೊಳ್ಳಬೇಕು ಎಂಬ ಅರ್ಥದ ಮಾತಿದೆ. ಈ ಮೂರನ್ನೂ ಸೇರಿಸಿ: ತಿನ್ನದೆ ಇದ್ದು, ತನ್ನನ್ನು ತಗ್ಗಿಸಿಕೊಂಡು, ದೇವರ ಹತ್ತಿರ ಇರುವುದು. ಇದರಲ್ಲಿ ಹತ್ತಿರ ಇರುವುದನ್ನು ಬಿಟ್ಟರೆ ಉಳಿಯುವುದು ಬರೀ ಹಸಿವು.

2. ಸತ್ಯವೇದದಲ್ಲಿ ಯಾರು, ಹೇಗೆ ಉಪವಾಸ ಮಾಡಿದರು?

ಧರ್ಮಶಾಸ್ತ್ರ ವರ್ಷಕ್ಕೆ ಒಂದೇ ದಿನ ಎಲ್ಲರಿಗೂ ಕಡ್ಡಾಯ ಮಾಡಿತ್ತು, ದೋಷಪರಿಹಾರಕ ದಿನ. ಉಳಿದವೆಲ್ಲ ಸಂದರ್ಭಕ್ಕೆ ತಕ್ಕಂತೆ ಬಂದವು. ನೆಹೆಮೀಯನು ಯೆರೂಸಲೇಮಿನ ಗೋಡೆ ಬಿದ್ದಿದೆ ಎಂಬ ಸುದ್ದಿ ಕೇಳಿ ಅತ್ತು ಉಪವಾಸ ಮಾಡಿದ. ಎಜ್ರನು ದೂರದ, ಅಪಾಯದ ಪ್ರಯಾಣಕ್ಕೆ ಮೊದಲು ನದಿ ತೀರದಲ್ಲಿ ಜನರನ್ನೆಲ್ಲ ಸೇರಿಸಿ ಉಪವಾಸ ಸಾರಿದ. ಎಸ್ತೇರಳು ಮೂರು ದಿನ ಅನ್ನ ನೀರು ಎರಡನ್ನೂ ಬಿಟ್ಟಳು. ತನ್ನ ಜನಾಂಗವೇ ನಾಶವಾಗುವ ಸಮಯ ಅದು. ದಾನಿಯೇಲನು ಮೂರು ವಾರ ಊಟ ಪೂರ್ತಿ ಬಿಡಲಿಲ್ಲ, ರುಚಿಯಾದ ಆಹಾರ, ಮಾಂಸ, ದ್ರಾಕ್ಷಾರಸ ಬಿಟ್ಟ (ದಾನಿಯೇಲ 10). ನಿನೆವೆಯಲ್ಲಿ ಅರಸನಿಂದ ಹಿಡಿದು ದನಕರುಗಳವರೆಗೆ ಉಪವಾಸ ಇದ್ದವು.

ನೋಡಿ, ಒಂದೇ ಅಳತೆ ಇಲ್ಲ. ಒಂದು ದಿನ ಇದೆ, ಮೂರು ದಿನ ಇದೆ, ಮೂರು ವಾರ ಇದೆ. ನೀರಿಲ್ಲದ್ದು ಇದೆ, ರುಚಿ ಮಾತ್ರ ಬಿಟ್ಟದ್ದೂ ಇದೆ. ಹಾಗಾಗಿ "ನಾನು 21 ದಿನ ಮಾಡಿದೆ, ನೀನು ಬರೀ ಒಂದು ಹೊತ್ತಾ?" ಅಂತ ಒಬ್ಬರನ್ನೊಬ್ಬರು ಅಳೆಯುವುದಕ್ಕೆ ವಾಕ್ಯದಲ್ಲಿ ಜಾಗ ಇಲ್ಲ.

ಯೇಸು ಸ್ವಾಮಿ ಮತ್ತಾಯ 6ರಲ್ಲಿ ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಒಂದೇ ಸಾಲಿನಲ್ಲಿ ಇಟ್ಟು ಮಾತಾಡಿದರು. ಮಾಡಿದರೆ ಅಂತ ಅಲ್ಲ, ಮಾಡುವಾಗ ಅಂತ. ಶಿಷ್ಯರು ಮಾಡ್ತಾರೆ ಅಂತಲೇ ಅವರ ಎಣಿಕೆ. ಕೆಲವರು ಕೇಳ್ತೀರಿ: "ಪಾಸ್ಟರ್, ಈ ಜಾತಿಯ ದೆವ್ವ ಪ್ರಾರ್ಥನೆ ಉಪವಾಸದಿಂದ ಮಾತ್ರ ಹೋಗುತ್ತೆ ಅಂತ ಇತ್ತಲ್ಲ, ನನ್ನ ಬೈಬಲಲ್ಲಿ ಉಪವಾಸ ಅನ್ನೋದು ಕೆಳಗೆ ಟಿಪ್ಪಣಿಯಲ್ಲಿದೆ, ಯಾಕೆ?" ಬಹಳ ಹಳೆಯ ಕೈಬರಹದ ಪ್ರತಿಗಳಲ್ಲಿ ಮಾರ್ಕ 9:29ರ ಆ ಒಂದು ಪದ ಇಲ್ಲ, ಅದಕ್ಕೆ. ಗಾಬರಿ ಬೇಡ. ಉಪವಾಸದ ಬೋಧನೆ ಆ ಒಂದು ಪದದ ಮೇಲೆ ನಿಂತಿಲ್ಲ.

3. ಉಪವಾಸ ದಾರಿ ತಪ್ಪುವ ಮೂರು ಕಡೆ

ಮೊದಲನೆಯದು ವ್ಯಾಪಾರ. ಕೆಲಸ ಸಿಗಬೇಕು, ಪೊಲೀಸ್ ಪರೀಕ್ಷೆ ಪಾಸಾಗಬೇಕು, ವೀಸಾ ಬರಬೇಕು, ಮನೆಯವರು ಮದುವೆಗೆ ಒಪ್ಪಬೇಕು. ಅದಕ್ಕೆ ಏಳು ಶುಕ್ರವಾರ ಉಪವಾಸ. ದೇವರ ಹತ್ತಿರ ಬೇಡಿಕೆ ಇಡುವುದು ತಪ್ಪಲ್ಲ, ಮಗು ತಂದೆಯನ್ನು ಕೇಳಲೇಬೇಕು. ಆದರೆ "ನಾನು ಇಷ್ಟು ಹಸಿದಿದ್ದೀನಿ, ಈಗ ನೀನು ಕೊಡಲೇಬೇಕು" ಅನ್ನುವ ಭಾವ ಬಂತು ಅಂದರೆ ಅದು ಪ್ರಾರ್ಥನೆ ಅಲ್ಲ, ಧರಣಿ. ಬೇಡಿಕೆ ಈಡೇರುವ ತನಕ ತಾಲ್ಲೂಕು ಕಚೇರಿ ಮುಂದೆ ಕೂತ ಹಾಗೆ ದೇವರ ಮುಂದೆ ಕೂರುವುದು.

ಎರಡನೇ ಸಮುವೇಲ 12 ಓದಿ. ದಾವೀದನ ಮಗು ಕಾಯಿಲೆ ಬಿತ್ತು. ದಾವೀದ ನೆಲದ ಮೇಲೆ ಬಿದ್ದು ಏಳು ದಿನ ಉಪವಾಸ ಮಾಡಿದ. ಏಳನೆಯ ದಿನ ಮಗು ತೀರಿಕೊಂಡಿತು. ಸೇವಕರು ಹೇಳಲು ಹೆದರಿದರು. ಆದರೆ ದಾವೀದ ಎದ್ದ, ಸ್ನಾನ ಮಾಡಿದ, ಬಟ್ಟೆ ಬದಲಿಸಿದ, ದೇವರ ಮನೆಗೆ ಹೋಗಿ ಆರಾಧಿಸಿದ, ಆಮೇಲೆ ಬಂದು ಊಟ ಕೇಳಿದ. ಉತ್ತರ ಇಲ್ಲ ಅಂತ ಬಂದ ಮೇಲೂ ಆರಾಧನೆ! ಉಪವಾಸ ಅವನ ಕೈಗೆ ಮಗುವನ್ನು ವಾಪಸ್ ಕೊಡಲಿಲ್ಲ. ಆದರೆ ದೇವರ ಕೈ ಬಿಡದಂತೆ ಅವನನ್ನು ಇಟ್ಟಿತು. ಉಪವಾಸ ಮಾಡಿಯೂ ಕೆಲಸ ಸಿಗದೆ, ಅಮ್ಮ ಗುಣವಾಗದೆ, ಮನಸ್ಸು ಒಡೆದು ಇಲ್ಲಿ ಕೂತಿರುವವರು ಇದ್ದೀರಿ. ನಿಮ್ಮ ವಿಶ್ವಾಸ ಸಾಲದೆ ಹೋಯ್ತು ಅಂತ ಯಾರಾದರೂ ಹೇಳಿದ್ದರೆ, ಆ ಮಾತನ್ನು ಇಲ್ಲೇ ಬಿಟ್ಟು ಹೋಗಿ. ದಾವೀದನಿಗೂ ಹಾಗೇ ಆಯಿತು.

ಎರಡನೆಯದು ಪ್ರದರ್ಶನ. ಲೂಕ 18ರ ಫರಿಸಾಯನು ವಾರಕ್ಕೆ ಎರಡು ಸಾರಿ ಉಪವಾಸ ಮಾಡುವುದನ್ನು ದೇವರಿಗೇ ಹೇಳಿ ತೋರಿಸಿದ. ಇವತ್ತು ದೇವರಿಗೆ ಹೇಳುವುದಕ್ಕಿಂತ ಮೊದಲೇ ಸ್ಟೇಟಸ್ ಹಾಕ್ತೀವಿ. ಯೇಸು ಸ್ವಾಮಿ ಹೇಳಿದ್ದು ಅದಕ್ಕೆ ಪೂರ್ತಿ ವಿರುದ್ಧ: ಮುಖ ತೊಳೆದುಕೋ, ತಲೆಗೆ ಎಣ್ಣೆ ಹಚ್ಚು, ಯಾರಿಗೂ ಗೊತ್ತಾಗುವುದು ಬೇಡ. ತಲೆ ಬಾಚಿಕೊಂಡು ನೀಟಾಗಿ ಕಾಲೇಜಿಗೆ ಹೋಗು ಅಂತ ಅರ್ಥ. ಇದರ ಜೊತೆಗೇ ಇನ್ನೊಂದು ಮಾತು. ಈಗ ತೂಕ ಇಳಿಸಲು 16 ಗಂಟೆ ತಿನ್ನದೆ ಇರುವ ಅಭ್ಯಾಸ ಬಹಳ ಜನಕ್ಕೆ ಇದೆ. ಆರೋಗ್ಯಕ್ಕೆ ಮಾಡ್ತೀರಾ, ಮಾಡಿ. ಅದನ್ನು ಡಯಟ್ ಅಂತ ಕರೆಯಿರಿ. ಅದಕ್ಕೆ ಉಪವಾಸ ಪ್ರಾರ್ಥನೆ ಅಂತ ಹೆಸರು ಕೊಡಬೇಡಿ.

ಮೂರನೆಯದು ಮುಚ್ಚಳ. ಇದು ಎಲ್ಲಕ್ಕಿಂತ ಅಪಾಯ. ಒಂದನೇ ಅರಸುಗಳು 21ರಲ್ಲಿ ಒಂದು ಉಪವಾಸ ಇದೆ, ಅದರ ಬಗ್ಗೆ ಸಾಮಾನ್ಯವಾಗಿ ಯಾರೂ ಪ್ರಸಂಗ ಮಾಡುವುದಿಲ್ಲ. ಅಹಾಬನಿಗೆ ನಾಬೋತನ ದ್ರಾಕ್ಷೀತೋಟ ಬೇಕಿತ್ತು. ಅಪ್ಪ ಅಜ್ಜನ ಕಾಲದ ಭೂಮಿ, ಕೊಡಲ್ಲ ಅಂದ ನಾಬೋತ. ರಾಣಿ ಈಜೆಬೆಲ್ ಏನು ಮಾಡಿದಳು? ಊರಿಗೆಲ್ಲ ಉಪವಾಸ ಸಾರಿಸಿದಳು! ಆ ಸಭೆಯಲ್ಲೇ ಸುಳ್ಳು ಸಾಕ್ಷಿ ಹೇಳಿಸಿ ನಾಬೋತನನ್ನು ಕಲ್ಲೆಸೆದು ಕೊಲ್ಲಿಸಿದಳು. ಒಬ್ಬ ರೈತನ ಜಮೀನು ಹೊಡೆಯಲು ಉಪವಾಸವನ್ನು ಬಳಸಿಕೊಂಡಳು. ಅಪೊಸ್ತಲರ ಕೃತ್ಯಗಳು 23ರಲ್ಲಿ 40ಕ್ಕೂ ಹೆಚ್ಚು ಜನ ಪೌಲನನ್ನು ಕೊಲ್ಲುವ ತನಕ ಏನೂ ತಿನ್ನುವುದಿಲ್ಲ, ಕುಡಿಯುವುದಿಲ್ಲ ಅಂತ ಆಣೆ ಮಾಡಿದರು. ಹೊಟ್ಟೆ ಖಾಲಿ ಇದ್ದ ಮಾತ್ರಕ್ಕೆ ಮನುಷ್ಯ ಪರಿಶುದ್ಧ ಆಗುವುದಿಲ್ಲ.

4. ದೇವರು ಆರಿಸಿಕೊಂಡ ಉಪವಾಸ

ಈಗ ಯೆಶಾಯ 58ಕ್ಕೆ ಬನ್ನಿ. ಇಲ್ಲಿ ಜನ ದೇವರ ಮೇಲೆ ದೂರು ಹೇಳ್ತಾ ಇದ್ದಾರೆ. ನಾವು ಉಪವಾಸ ಮಾಡಿದ್ವಿ, ನೀನು ನೋಡಲೇ ಇಲ್ಲವಲ್ಲ ಅಂತ. ಅವರು ಕಳ್ಳ ಭಕ್ತರಲ್ಲ. ಪ್ರತಿದಿನ ದೇವರನ್ನು ಹುಡುಕುವವರು, ತಲೆ ಬಗ್ಗಿಸುವವರು, ಗೋಣಿತಟ್ಟು ಹಾಕಿಕೊಳ್ಳುವವರು. ದೇವರು ಏನು ಉತ್ತರ ಕೊಟ್ಟರು? ನಿಮ್ಮ ಉಪವಾಸದ ದಿನವೇ ನೀವು ನಿಮ್ಮ ಲಾಭ ನೋಡಿಕೊಳ್ತೀರಿ, ನಿಮ್ಮ ಕೆಲಸದವರನ್ನು ಹಿಂಡುತ್ತೀರಿ, ಜಗಳ ಆಡಿ ಗುದ್ದಾಡುತ್ತೀರಿ.

ಗಮನಿಸಿ, ದೇವರು ಅವರ ಪ್ರಾರ್ಥನೆಯ ಗಂಟೆ ಎಣಿಸಲಿಲ್ಲ. ಅವರ ಮನೆಯ ಕೆಲಸದವರನ್ನು ನೋಡಿದರು.

ಇದನ್ನು ನಮ್ಮ ಕಡೆಗೆ ತನ್ನಿ. ಊರಲ್ಲಿ ತೋಟ ಇರುವವರು ಅಡಿಕೆ ಸುಲಿಯಲು ಬಂದ ಹೆಣ್ಣುಮಕ್ಕಳ ಕೂಲಿಯನ್ನು ಮುಂದಿನ ವಾರಕ್ಕೆ ತಳ್ಳಿ ಶುಕ್ರವಾರ ಉಪವಾಸ ಪ್ರಾರ್ಥನೆಗೆ ಬಂದರೆ? ಧರ್ಮೋಪದೇಶಕಾಂಡ 24 ಹೇಳುವುದು ಹೊತ್ತು ಮುಳುಗುವ ಮೊದಲೇ ಕೂಲಿ ಕೊಡಬೇಕು ಅಂತ. ಬೆಂಗಳೂರಲ್ಲಿ ರೂಮ್ ಮಾಡಿಕೊಂಡು ಇರುವವರು ಮನೆಗೆಲಸದ ಅಕ್ಕ ಎರಡು ದಿನ ಬರಲಿಲ್ಲ ಅಂತ ಸಂಬಳ ಹಿಡಿದರೆ? ಮಳೆಯಲ್ಲಿ ಊಟ ತಂದ ಡೆಲಿವರಿ ಹುಡುಗ ಹತ್ತು ನಿಮಿಷ ತಡ ಮಾಡಿದ ಅಂತ ಬೈದು ರೇಟಿಂಗ್ ಕಡಿಮೆ ಕೊಟ್ಟು, ಮಾರನೇ ದಿನ ಉಪವಾಸ ಕೂತರೆ? ಯೆಶಾಯನು ನಮ್ಮ ಬಗ್ಗೆಯೇ ಬರೆದಿದ್ದಾನೆ ಅಲ್ವಾ?

ಆಮೇಲೆ ದೇವರು ತಾನು ಆರಿಸಿಕೊಂಡ ಉಪವಾಸ ಯಾವುದು ಅಂತ ಹೇಳ್ತಾರೆ. ನೊಗ ಮುರಿ, ಬಂಧನ ಬಿಚ್ಚು, ಹಸಿದವನಿಗೆ ನಿನ್ನ ರೊಟ್ಟಿ ಹಂಚು, ಮನೆಯಿಲ್ಲದವನನ್ನು ಒಳಗೆ ಕರೆ, ಬಟ್ಟೆ ಇಲ್ಲದವನಿಗೆ ಹೊದಿಸು. ಏಳನೆಯ ವಚನದ ಕೊನೆಗೆ ಇನ್ನೊಂದು ಮಾತಿದೆ: ನಿನ್ನ ಸ್ವಂತ ರಕ್ತಸಂಬಂಧಿಯಿಂದ ಮುಖ ಮರೆಸಿಕೊಳ್ಳಬೇಡ.

ಇದು ಊರು ಬಿಟ್ಟು ಬಂದವರಿಗೆ ನೇರ ತಗಲುವ ಮಾತು. ಅಪ್ಪ ಮೆಕ್ಕೆಜೋಳಕ್ಕೆ ಗೊಬ್ಬರ ತರಲು ಕೈಸಾಲ ಮಾಡಿದ್ದಾರೆ. ಅಮ್ಮ ಮೊಣಕಾಲು ನೋವು ಅಂತ ಮೂರು ತಿಂಗಳಿಂದ ಹೇಳ್ತಾ ಇದ್ದಾರೆ, ಆಸ್ಪತ್ರೆಗೆ ಹೋಗಿಲ್ಲ. ನೀವು ಇಲ್ಲಿ ಫೋನ್ ಸೈಲೆಂಟ್ ಮಾಡಿ ಮೂರು ದಿನದ ಉಪವಾಸ ಪ್ರಾರ್ಥನೆಯಲ್ಲಿದ್ದೀರಿ. ದೇವರು ಕೇಳ್ತಾರೆ: ಮಗನೇ, ಆ ಫೋನ್ ಎತ್ತು.

ಇಲ್ಲಿ ನಮ್ಮ ಜಿಲ್ಲೆಯ ಒಂದು ಉದಾಹರಣೆ. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ, ಸೂಳೆಕೆರೆ ಅಂತ ಎಲ್ಲರೂ ಕರೆಯುವ ಕೆರೆ ನೋಡಿದ್ದೀರಿ. ಸವಳಂಗದಲ್ಲೂ ರಸ್ತೆ ಪಕ್ಕದಲ್ಲೇ ದೊಡ್ಡ ಕೆರೆ ಇದೆ. ಕೆರೆಗೆ ಏರಿ ಯಾಕೆ ಕಟ್ಟುತ್ತಾರೆ? ನೀರು ನಿಲ್ಲಲಿ ಅಂತ. ಆದರೆ ತೂಬು ಇಲ್ಲದೆ ಏರಿ ಮಾತ್ರ ಕಟ್ಟಿದರೆ ಗದ್ದೆಗೆ ಏನು ಲಾಭ? ಊಟ ತಡೆ ಹಿಡಿಯುವುದು ಏರಿ ಕಟ್ಟಿದ ಹಾಗೆ. ಆ ಊಟ ಇನ್ನೊಬ್ಬರಿಗೆ ಹೋಗುವುದು ತೂಬು ತೆಗೆದ ಹಾಗೆ. ಯೆಶಾಯ 58:11ರಲ್ಲಿ ದೇವರು ಕೊಡುವ ವಾಗ್ದಾನವೂ ನೀರಿನದ್ದೇ, ನೀವು ನೀರು ಹಾಯಿಸಿದ ತೋಟದ ಹಾಗೆ ಆಗುತ್ತೀರಿ ಅಂತ. ಅದು ಕೊಟ್ಟವರಿಗೆ ಬಂದ ವಾಗ್ದಾನ.

5. ಮೊದಲ ಸಭೆಗಳು ಇದನ್ನು ಹೇಗೆ ಪಾಲಿಸಿದವು?

ಆದಿ ಸಭೆ ಉಪವಾಸವನ್ನು ಬಿಡಲಿಲ್ಲ. ದಿದಾಖೆ ಎಂಬ ಬಹಳ ಹಳೆಯ ಕ್ರೈಸ್ತ ಬರಹದಲ್ಲಿ ಬುಧವಾರ ಮತ್ತು ಶುಕ್ರವಾರ ಉಪವಾಸ ಮಾಡಬೇಕು ಅಂತ ಇದೆ. ನಮ್ಮ ಸಭೆಗಳಲ್ಲಿ ಶುಕ್ರವಾರ ಉಪವಾಸ ಪ್ರಾರ್ಥನೆ ಇಡುವುದು ನಿನ್ನೆ ಮೊನ್ನೆ ಹುಟ್ಟಿದ ಪದ್ಧತಿ ಅಲ್ಲ.

ಎರಡನೇ ಶತಮಾನದಲ್ಲಿ ಅರಿಸ್ಟೈಡಿಸ್ ಎಂಬ ಅಥೇನೆಯ ವಿಶ್ವಾಸಿ ರೋಮ್ ಚಕ್ರವರ್ತಿಗೆ ಕ್ರೈಸ್ತರ ಬಗ್ಗೆ ಒಂದು ಮನವಿ ಬರೆದ. ಅದರಲ್ಲಿ ಅವನು ಹೇಳುವ ವಿಷಯ: ಇವರ ಮಧ್ಯೆ ಒಬ್ಬ ಬಡವ ಇದ್ದು, ಕೊಡಲು ಇವರ ಹತ್ತಿರ ಹೆಚ್ಚಿಗೆ ಏನೂ ಇಲ್ಲದಿದ್ದರೆ, ಇವರೇ ಎರಡು ಮೂರು ದಿನ ಉಪವಾಸ ಇದ್ದು ಅವನಿಗೆ ಆಹಾರ ಒದಗಿಸುತ್ತಾರೆ. ಯೋಚಿಸಿ. ಮಿಕ್ಕಿದ್ದನ್ನು ಕೊಟ್ಟವರಲ್ಲ ಅವರು. ಮಿಕ್ಕುವಂತೆ ಮಾಡಿಕೊಂಡು ಕೊಟ್ಟವರು.

ಅದೇ ಶತಮಾನದಲ್ಲಿ ರೋಮಿನಲ್ಲಿ ಬರೆದ ಹೆರ್ಮಸನ 'ಕುರುಬ' ಎಂಬ ಗ್ರಂಥ ಇನ್ನೂ ಸ್ಪಷ್ಟ ಲೆಕ್ಕ ಕೊಡುತ್ತದೆ: ಉಪವಾಸದ ದಿನ ನೀನು ತಿನ್ನಬೇಕಿದ್ದ ಊಟದ ಖರ್ಚು ಎಷ್ಟು ಅಂತ ಲೆಕ್ಕ ಹಾಕಿ, ಅಷ್ಟನ್ನು ವಿಧವೆಗೋ ಅನಾಥನಿಗೋ ಇಲ್ಲದವನಿಗೋ ಕೊಡು. ಈ ಎರಡು ಬರಹಗಳು ಸತ್ಯವೇದಕ್ಕೆ ಸಮಾನ ಅಲ್ಲ. ಆದರೆ ನಮಗಿಂತ ಮೊದಲು ಓಡಿದವರು ಯೆಶಾಯ 58ನ್ನು ಹೇಗೆ ಅರ್ಥ ಮಾಡಿಕೊಂಡರು ಅಂತ ತೋರಿಸುತ್ತವೆ.

6. ಆರಿಸಿಕೊಂಡ ಹಸಿವು, ಆರಿಸಿಕೊಳ್ಳದ ಹಸಿವು

ಉಪವಾಸ ಅಂದರೆ ಊಟ ಇದ್ದೂ ಬಿಡುವುದು. ಊಟವೇ ಇಲ್ಲದೆ ಇರುವುದು ಬರಗಾಲ. ಇವೆರಡರ ವ್ಯತ್ಯಾಸವನ್ನು ನಮ್ಮ ಪ್ರಾಂತ್ಯ ಮೈಮೇಲೆ ಅನುಭವಿಸಿದೆ. 1876ರಿಂದ 78ರವರೆಗೆ ಮೈಸೂರು ಸಂಸ್ಥಾನದಲ್ಲಿ ಭೀಕರ ಬರ ಬಂತು. ಸಂವತ್ಸರದ ಹೆಸರು ಹಿಡಿದು ಹಳಬರು ಅದನ್ನು ಧಾತು-ಈಶ್ವರ ಬರ ಅಂತ ಕರೆಯುತ್ತಿದ್ದರು. ಹೊನ್ನಾಳಿ, ಚನ್ನಗಿರಿ, ಜಗಳೂರು ಎಲ್ಲ ಆಗ ಆ ಸಂಸ್ಥಾನದ ಒಳಗೇ ಇದ್ದವು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನ 50 ಲಕ್ಷ ದಾಟಿದ್ದರು. 1881ರಲ್ಲಿ ಎಣಿಸಿದಾಗ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಹೆಚ್ಚಾಗಬೇಕಿದ್ದ ಜನ ಎಂಟು ಲಕ್ಷ ಕಡಿಮೆ.

ಅದೇ ದಶಕದ ಬರದಲ್ಲಿ ದಕ್ಷಿಣ ಭಾರತದ ಒಂದು ಕುಟುಂಬ ಊರೂರು ಅಲೆಯುತ್ತಾ ಇತ್ತು. ತಂದೆ ಅನಂತ ಶಾಸ್ತ್ರಿ ದೊಡ್ಡ ಸಂಸ್ಕೃತ ಪಂಡಿತರು. ಮಗಳು ರಮಾಬಾಯಿ. 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವಳು. ಗಂಗಾಮೂಲ ಅಂದರೆ ತುಂಗೆ, ಭದ್ರೆ ಹುಟ್ಟುವ ಜಾಗ. ಹೊನ್ನಾಳಿಯ ಪಕ್ಕದಲ್ಲಿ ಹರಿಯುವ ನಮ್ಮ ತುಂಗಭದ್ರೆಯ ತವರು. ಕೈಯಲ್ಲಿದ್ದದ್ದು ಮುಗಿಯಿತು. ಹನ್ನೊಂದು ಹಗಲು ರಾತ್ರಿ ನೀರು, ಎಲೆ, ಒಂದು ಹಿಡಿ ಕಾಡು ಖರ್ಜೂರದಲ್ಲಿ ಜೀವ ಹಿಡಿದದ್ದನ್ನು ಆಕೆ ಮುಂದೆ ತನ್ನ ಸಾಕ್ಷಿಯಲ್ಲಿ ಬರೆದಿದ್ದಾಳೆ. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅಣ್ಣನ ಜೊತೆ ನಡೆದು ನಡೆದು 1878ರಲ್ಲಿ ಕಲ್ಕತ್ತಾ ಮುಟ್ಟಿದಳು. ಅಲ್ಲಿನ ವಿದ್ವಾಂಸರು ಆಕೆಯ ಪಾಂಡಿತ್ಯ ನೋಡಿ ಪಂಡಿತಾ ಅಂತ ಬಿರುದು ಕೊಟ್ಟರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದಳು.

ಮುಂದೆ ಏನಾಯ್ತು? 1896-97ರಲ್ಲಿ ಮಧ್ಯ ಭಾರತದಲ್ಲಿ ಬರ ಬಂತು. ಪಂಡಿತಾ ರಮಾಬಾಯಿ ಅಲ್ಲಿಗೇ ಹೋಗಿ ಹಸಿದ ಹೆಣ್ಣುಮಕ್ಕಳನ್ನು, ಎಳೆಯ ವಿಧವೆಯರನ್ನು ಕರೆತಂದಳು. ಪುಣೆಯ ಹತ್ತಿರ ಕೇಡಗಾಂವ್‌ನಲ್ಲಿ ಅವರಿಗಾಗಿ ಮುಕ್ತಿ ಸದನ ಬೆಳೆಯಿತು. 1900ರ ಗುಜರಾತಿನ ಬರದಲ್ಲೂ ನೂರಾರು ಮಂದಿಯನ್ನು ಕರೆತಂದಳು. ಹಸಿವು ಅಂದರೆ ಏನು ಅಂತ ಆಕೆಗೆ ಪುಸ್ತಕ ಓದಿ ಗೊತ್ತಿದ್ದದ್ದಲ್ಲ.

ಆ ಮನೆಯಲ್ಲೇ 1905ರಲ್ಲಿ ಹೆಣ್ಣುಮಕ್ಕಳು ಗುಂಪು ಗುಂಪಾಗಿ ಪ್ರತಿದಿನ ಪ್ರಾರ್ಥನೆಗೆ ಸೇರತೊಡಗಿದರು. ಜೂನ್ ಕೊನೆಯ ಹೊತ್ತಿಗೆ ಉಜ್ಜೀವನ ಇಳಿಯಿತು. ಅಮೆರಿಕದ ಲಾಸ್ ಏಂಜಲಿಸ್‌ನ ಅಜುಸಾ ಸ್ಟ್ರೀಟ್ ಉಜ್ಜೀವನಕ್ಕೆ ಅದು ಒಂದು ವರ್ಷ ಮುಂಚೆ. ಪೆಂತೆಕೊಸ್ತ್ ಚಳವಳಿಯ ಇತಿಹಾಸ ಬರೆಯುವವರು ಮುಕ್ತಿಯನ್ನು ಬಿಟ್ಟು ಬರೆಯಲಾಗುವುದಿಲ್ಲ. ಹೀಗೆ ಮಾಡಿದರೆ ಹೀಗೇ ಆಗುತ್ತದೆ ಅಂತ ನಾನು ಸೂತ್ರ ಹೇಳ್ತಾ ಇಲ್ಲ. ಪವಿತ್ರಾತ್ಮನು ತನ್ನ ಚಿತ್ತದಂತೆ ಕೆಲಸ ಮಾಡ್ತಾನೆ. ಆದರೆ ಕ್ರಮ ನೋಡಿ. ಮೊದಲು ಹಸಿದವರಿಗೆ ಅನ್ನ ಸಿಕ್ಕಿತು. ಆ ಅನ್ನ ಉಂಡವರೇ ಮೊಣಕಾಲೂರಿದರು.

ಇವತ್ತೂ ಜಗಳೂರು ಕಡೆ ಮಳೆ ಕೈಕೊಟ್ಟರೆ ಕುಟುಂಬಗಳು ಗುಳೆ ಹೋಗುತ್ತವೆ. ನೀವು ಇರುವ ನಗರದಲ್ಲೇ ಕಟ್ಟಡದ ಕೆಲಸದಲ್ಲಿ ಅವರು ಇರ್ತಾರೆ. ನೀವು ಆರಿಸಿಕೊಂಡ ಒಂದು ಹೊತ್ತಿನ ಹಸಿವು ಅವರ ಆರಿಸಿಕೊಳ್ಳದ ಹಸಿವನ್ನು ನೆನಪಿಸದಿದ್ದರೆ, ಆ ಉಪವಾಸ ಇನ್ನೂ ಅರ್ಧ ದಾರಿಯಲ್ಲಿದೆ.

7. ಹಾಗಾದರೆ ಪ್ರಾರ್ಥನೆ ಎಲ್ಲಿ?

ಕೆಲವರಿಗೆ ಅನುಮಾನ ಬಂದಿರಬಹುದು. ಬರೀ ಸಮಾಜ ಸೇವೆ ಮಾಡಿದರೆ ಸಾಕಾ ಅಂತ. ಇಲ್ಲ. ಯೇಸು ಸ್ವಾಮಿ ಅಡವಿಯಲ್ಲಿ 40 ದಿನ ಉಪವಾಸ ಇದ್ದಾಗ ಸೈತಾನನು ಕಲ್ಲನ್ನು ರೊಟ್ಟಿ ಮಾಡು ಅಂದ. ಸ್ವಾಮಿ ಧರ್ಮೋಪದೇಶಕಾಂಡ 8ರಿಂದ ಉತ್ತರ ಕೊಟ್ಟರು. ಆ ಅಧ್ಯಾಯದಲ್ಲಿ ಮೋಶೆ ಹೇಳುವುದು, ದೇವರು ಇಸ್ರಾಯೇಲ್ಯರನ್ನು ಹಸಿಯುವಂತೆ ಮಾಡಿ ಮನ್ನ ಕೊಟ್ಟದ್ದು ಅವರ ಜೀವ ಯಾರ ಬಾಯಿಂದ ಬರುವ ಮಾತಿನ ಮೇಲೆ ನಿಂತಿದೆ ಅಂತ ಕಲಿಸಲು. ಉಪವಾಸ ನಮಗೂ ಅದನ್ನೇ ಕಲಿಸುತ್ತದೆ. ಎರಡು ಗಂಟೆಗೆ ಹೊಟ್ಟೆ ಚುರುಗುಟ್ಟಿದಾಗ ಕೋಪ ಬರುತ್ತೆ, ಕಿರಿಕಿರಿ ಆಗುತ್ತೆ. ನಾವು ಶಾಂತಸ್ವಭಾವ ಅಂದುಕೊಂಡಿದ್ದದ್ದು ಬರೀ ತುಂಬಿದ ಹೊಟ್ಟೆಯ ಶಾಂತಿ ಅಂತ ಗೊತ್ತಾಗುತ್ತೆ! ಆಗ ಪ್ರಾರ್ಥನೆ ನಿಜ ಆಗುತ್ತದೆ.

ಮತ್ತಾಯ 9ರಲ್ಲಿ ಸ್ವಾಮಿ ಇನ್ನೊಂದು ಕಾರಣ ಕೊಟ್ಟರು. ಮದಲಿಂಗನು ಜೊತೆಗಿರುವಾಗ ಮದುವೆ ಮನೆಯವರು ದುಃಖಿಸುವುದಿಲ್ಲ, ಅವನು ಅಗಲಿದ ದಿನಗಳಲ್ಲಿ ಉಪವಾಸ ಮಾಡುತ್ತಾರೆ. ನಮ್ಮ ಮದಲಿಂಗನು ಬರುತ್ತಾನೆ ಅಂತ ಕಾಯುವವರ ಹಸಿವು ಇದು. ಹಾಗಾಗಿ ನಮ್ಮ ಉಪವಾಸದಲ್ಲಿ ದುಃಖ ಇದೆ, ನಿರೀಕ್ಷೆಯೂ ಇದೆ.

ಅಂತಿಯೋಕ್ಯದ ಸಭೆ ನೋಡಿ. ಅಪೊಸ್ತಲರ ಕೃತ್ಯಗಳು 13. ಅವರು ಕರ್ತನನ್ನು ಆರಾಧಿಸುತ್ತಾ ಉಪವಾಸ ಇದ್ದಾಗ ಪವಿತ್ರಾತ್ಮನು ಮಾತಾಡಿದನು. ಏನು ಕೇಳಿದನು? ಬಾರ್ನಬನನ್ನೂ ಸೌಲನನ್ನೂ ನನಗೆ ಕೊಡಿ ಅಂತ. ಸಭೆಯ ಶ್ರೇಷ್ಠ ಬೋಧಕರಲ್ಲಿ ಇಬ್ಬರು! ಇನ್ನೊಮ್ಮೆ ಉಪವಾಸ ಮಾಡಿ, ಕೈಯಿಟ್ಟು, ಕಳುಹಿಸಿಕೊಟ್ಟರು. ನಾವು ಪಡೆಯಲು ಉಪವಾಸ ಕೂರುತ್ತೇವೆ. ಅವರು ಉಪವಾಸದಿಂದ ಎದ್ದಾಗ ಕೊಟ್ಟು ಎದ್ದರು.

8. ಅಭ್ಯಾಸ ಹೇಗೆ ಶುರು ಮಾಡಬೇಕು?

ಮೊದಲು ಯಾರು ಮಾಡಬಾರದು ಅಂತ ಹೇಳ್ತೀನಿ, ದಯವಿಟ್ಟು ಕಿವಿಗೊಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಮಗುವಿಗೆ ಹಾಲು ಕೊಡುವವರು, ಟಿ.ಬಿ., ಮೂರ್ಛೆರೋಗ ಅಥವಾ ಬಿ.ಪಿ.ಗೆ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡಬಾರದು, ಮಾತ್ರೆ ನಿಲ್ಲಿಸಲೇಬಾರದು. ಸಕ್ಕರೆ ಮಟ್ಟ ತೀರಾ ಇಳಿದರೆ ಪ್ರಜ್ಞೆ ತಪ್ಪುತ್ತದೆ, ಪ್ರಾಣಕ್ಕೇ ಅಪಾಯ. ದಪ್ಪ ಆಗಿದ್ದೀನಿ ಅನ್ನುವ ಭಯದಿಂದ ಊಟದ ಜೊತೆ ಯುದ್ಧ ಮಾಡ್ತಾ ಇರುವ ತಂಗಿಯರು, ತಮ್ಮಂದಿರು ಇದ್ದೀರಿ. ನಿಮಗೆ ಊಟದ ಉಪವಾಸ ಬೇಡ. ನೆಮ್ಮದಿಯಿಂದ ಕೂತು ಉಣ್ಣುವುದೇ ನಿಮ್ಮ ವಿಧೇಯತೆ. ನೀವು ಮೊಬೈಲ್, ಸೀರಿಯಲ್, ಆನ್‌ಲೈನ್ ಶಾಪಿಂಗ್ ಬಿಡಬಹುದು. ದೇವರು ನಿಮ್ಮನ್ನು ಕಡಿಮೆ ವಿಶ್ವಾಸಿ ಅಂತ ನೋಡುವುದಿಲ್ಲ.

ಆರೋಗ್ಯ ಇರುವವರು ವಾರಕ್ಕೆ ಒಂದು ಹೊತ್ತಿನಿಂದ ಶುರು ಮಾಡಿ. ಶುಕ್ರವಾರ ಮಧ್ಯಾಹ್ನ ಅಂದುಕೊಳ್ಳಿ. ನೀರು ಕುಡಿಯಿರಿ. ದಿನಾ ನಾಲ್ಕೈದು ಕಾಫಿ ಕುಡಿಯುವವರಿಗೆ ಒಮ್ಮೆಲೇ ಬಿಟ್ಟರೆ ತಲೆನೋವು ಬರುತ್ತೆ. ಅದು ಆತ್ಮಿಕ ಹೋರಾಟ ಅಲ್ಲ, ಕಾಫಿಯ ಚಟ. ಎರಡು ದಿನ ಮೊದಲಿಂದ ಕಡಿಮೆ ಮಾಡಿ. ಪಿ.ಜಿ. ಅಡುಗೆಯವರಿಗೆ ಮೊದಲೇ ಊಟ ಬೇಡ ಅಂತ ಹೇಳಿ. ಬಿಟ್ಟ ಅನ್ನ ಕಸದ ಡಬ್ಬಿಗೆ ಹೋದರೆ ಅದು ಯಾರ ಉಪವಾಸ? ಊಟದ ಆ ಅರ್ಧ ಗಂಟೆ ಒಂದು ಕಡೆ ಕೂತು ವಾಕ್ಯ ಓದಿ, ಪ್ರಾರ್ಥಿಸಿ. ಆ ಹೊತ್ತಲ್ಲಿ ರೀಲ್ಸ್ ನೋಡಿದರೆ ಹಸಿವೂ ಹೋಯ್ತು, ಉಪವಾಸವೂ ಹೋಯ್ತು.

ಉಪವಾಸ ಬಿಡುವಾಗ ನಿಧಾನ. ಗಂಜಿ, ಮಜ್ಜಿಗೆ, ಬಾಳೆಹಣ್ಣು ಸಾಕು. ನೇರವಾಗಿ ಬಿರಿಯಾನಿ ಅಥವಾ ಮಂಡಕ್ಕಿ ಮೆಣಸಿನಕಾಯಿಗೆ ಹಾರಬೇಡಿ. ಹೆಚ್ಚು ದಿನದ ಉಪವಾಸವನ್ನು ಒಬ್ಬರೇ ನಿರ್ಧಾರ ಮಾಡಬೇಡಿ. ಪಾಸ್ಟರಿಗೂ ಡಾಕ್ಟರಿಗೂ ತಿಳಿಸಿ. ಇದು ಪ್ರದರ್ಶನ ಅಲ್ಲ, ಜಾಗ್ರತೆ.

ಕೊನೆಗೆ ಲೆಕ್ಕ. ಆ ಊಟದ ಬೆಲೆ 100 ರೂಪಾಯಿ ಅಂದುಕೊಳ್ಳಿ. ವರ್ಷಕ್ಕೆ 52 ಶುಕ್ರವಾರ, 5,200 ರೂಪಾಯಿ. ನಿಮ್ಮಂಥ 20 ಜನ ಸೇರಿದರೆ ಒಂದು ಲಕ್ಷ ನಾಲ್ಕು ಸಾವಿರ. ಒಂದು ಹುಡುಗಿಯ ಕಾಲೇಜ್ ಫೀಸ್ ಆಗಬಹುದು. ಒಬ್ಬ ಅಜ್ಜಿಯ ಕಣ್ಣಿನ ಆಪರೇಷನ್‌ಗೆ ಓಡಾಡುವ ಖರ್ಚು ಆಗಬಹುದು. ದಶಮಾಂಶದಲ್ಲಿ ಇದನ್ನು ಕಳೆಯಬೇಡಿ, ಸಭೆಯ ಖಾತೆಗೇ ಕೊಡಬೇಕು ಅಂತಲೂ ಇಲ್ಲ. ಯಾರಿಗೆ ಕೊಟ್ಟಿರಿ ಅಂತ ನಮಗೆ ಹೇಳಬೇಡಿ. ಅಂತರಂಗದಲ್ಲಿ ನೋಡುವ ತಂದೆಗೆ ಗೊತ್ತಾದರೆ ಸಾಕು. ಆಮೆನ್?

ಪ್ರಾರ್ಥನೆ

ಪರಲೋಕದ ತಂದೆಯೇ, ನಿಮಗೆ ಸ್ತೋತ್ರ. ನಿಮ್ಮನ್ನು ಒಪ್ಪಿಸಲು ಹಸಿದವರಾಗಿ ಅಲ್ಲ, ನಿಮ್ಮ ಹತ್ತಿರ ಇರಲು ಹಸಿದವರಾಗಿ ನಮ್ಮನ್ನು ಮಾಡಿರಿ. ನಾವು ಕೇಳಿದ್ದು ಸಿಗದ ದಿನವೂ ಎದ್ದು ಮುಖ ತೊಳೆದು ನಿಮ್ಮನ್ನು ಆರಾಧಿಸುವ ಕೃಪೆ ಕೊಡಿರಿ. ನಾವು ಬಿಟ್ಟ ತುತ್ತು ಯಾರ ತಟ್ಟೆಗೆ ಸೇರಬೇಕೋ ಅವರ ಮುಖವನ್ನು ನಮಗೆ ತೋರಿಸಿರಿ. ಊರಲ್ಲಿರುವ ತಂದೆ ತಾಯಂದಿರನ್ನು ನಿಮ್ಮ ಕೈಗೆ ಒಪ್ಪಿಸುತ್ತೇವೆ. ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ, ಆಮೆನ್.

ಗುಂಪು ಚರ್ಚೆಗೆ ಪ್ರಶ್ನೆಗಳು

1. ಯೆಶಾಯ 58:3-7 ಓದಿ. ನಿಮ್ಮ ದಿನನಿತ್ಯದಲ್ಲಿ ನಿಮಗಾಗಿ ಕೆಲಸ ಮಾಡುವವರು ಯಾರು ಯಾರು? ಅವರಿಗೆ ಕೊಡಬೇಕಾದ್ದು ಏನಾದರೂ ಬಾಕಿ ಇದೆಯಾ?

2. ದಾವೀದನು ಉತ್ತರ ಸಿಗದ ಮೇಲೆ ಮೊದಲು ದೇವರ ಮನೆಗೆ ಹೋದದ್ದು ಯಾಕೆ?

3. ಈಜೆಬೆಲಳ ಉಪವಾಸಕ್ಕೂ ಅಂತಿಯೋಕ್ಯದ ಉಪವಾಸಕ್ಕೂ ವ್ಯತ್ಯಾಸ ಏನು? ಕೊನೆಯಲ್ಲಿ ಯಾರು ಪಡೆದರು, ಯಾರು ಕೊಟ್ಟರು?

4. ಈ ವಾರ ನೀವು ಬಿಡುವ ಒಂದು ಊಟದ ಬೆಲೆ ಎಷ್ಟು? ಉತ್ತರ ಗುಂಪಿನಲ್ಲಿ ಹೇಳಬೇಡಿ. ಬರೆದಿಟ್ಟುಕೊಂಡು, ಅದನ್ನು ಕೊಟ್ಟು ಬನ್ನಿ.